ಸಸಿಗೆ ಅಪ್ಪ ಯಾರು? ಬೀಜದ ತೋಪಿನ ಲೆಕ್ಕ

ನಮ್ಮ ನೀಲಗುಂದ, ಹರಪನಹಳ್ಳಿ ಕಡೆ ಮುಂಗಾರು ಶುರುವಾಗೋ ಮುಂಚೆ ಬೀಜ-ಗೊಬ್ಬರದ ಅಂಗಡಿಗಳು ತುಂಬಿರುತ್ತವೆ. ಮೆಕ್ಕೆಜೋಳದ ಬೀಜ ತಗೊಳ್ಳೋಕೆ ಬಂದ ರೈತರು ಚೀಲ ತಿರುಗಿಸಿ ನೋಡ್ತಾರೆ. ಯಾವ ತಳಿ, ಮೊಳಕೆ ಶೇಕಡಾ ಎಷ್ಟು, ಯಾವ ತಿಂಗಳ ಒಳಗೆ ಬಿತ್ತಬೇಕು, ಎಲ್ಲಾ ಅದರ ಮೇಲೆ ಬರೆದಿರಬೇಕು. 1966ರ ಬೀಜ ಕಾಯ್ದೆ ಬಂದಮೇಲೆ ಚೀಲದ ಮೇಲಿನ ಚೀಟಿಗೆ ಅಷ್ಟು ಬೆಲೆ ಇದೆ.

ಈಗ ಅದೇ ಊರಿನ ಕೆರೆ ಏರಿ ಮೇಲೋ, ಶಾಲೆ ಕಾಂಪೌಂಡ್ ಒಳಗೋ ಜುಲೈ ತಿಂಗಳ ವನಮಹೋತ್ಸವಕ್ಕೆ ನೆಡುವ ಬೇವಿನ ಸಸಿ ನೋಡಿ. ಅದು ಯಾವ ಮರದ ಬೀಜ? ಆ ಮರ ಎಲ್ಲಿದೆ? ಒಂದೇ ಮರದ್ದಾ, ಹತ್ತು ಮರದ್ದಾ? ಯಾರೂ ಕೇಳಲ್ಲ. ಮೆಕ್ಕೆಜೋಳ ನಾಲ್ಕು ತಿಂಗಳ ಬೆಳೆ, ಕೈಕೊಟ್ಟರೆ ಮುಂದಿನ ವರ್ಷ ಬೇರೆ ತಳಿ ಹಾಕಬಹುದು. ಮರ ಐವತ್ತು ವರ್ಷ ನಿಲ್ಲುವಂಥದ್ದು. ಬೀಜ ಸರಿಯಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಹತ್ತಿಪ್ಪತ್ತು ವರ್ಷದ ನೀರು, ಬೇಲಿ, ಕಾವಲು ಎಲ್ಲಾ ಮುಗಿದಿರುತ್ತೆ. "ಬೇವು ಬಿತ್ತಿ ಮಾವು ಬೆಳೆಯಲಾದೀತೇ" ಅಂತ ಗಾದೆ ಇದೆ. ಆದರೆ ಬೇವಿನಲ್ಲೇ ಎಂಥ ಬೇವು ಅನ್ನೋದನ್ನ ನಾವು ಕೇಳೋದೇ ಇಲ್ಲ.

ಈ ಪ್ರಶ್ನೆಗೆ ಒಂದು ಪೂರ್ತಿ ವ್ಯವಸ್ಥೆ ಕಟ್ಟಿದವರು ಪೈನ್, ಸ್ಪ್ರೂಸ್ ಥರದ ಕೋನಿಫರ್ ಮರ ಬೆಳೆಸೋ ದೇಶದವರು. ಆ ವ್ಯವಸ್ಥೆಯ ಹೆಸರು ಸೀಡ್ ಆರ್ಚರ್ಡ್, ನಮ್ಮ ಮಾತಲ್ಲಿ ಬೀಜದ ತೋಪು. ಇದು ಬಾಟನಿಯವರ ವಿಷಯ ಅಂತ ಪುಟ ತಿರುಗಿಸಬೇಡಿ. ಒಳಗಿರೋದು ಪೂರ್ತಿ ನಮ್ಮ ಥರದ ಲೆಕ್ಕ: ಸಿಗ್ನಲ್, ನಾಯ್ಸ್, ಲೇಔಟ್, ಟೈಮಿಂಗ್.

ತೋಪು ಅಂದರೇನು?

ಕೋನಿಫರ್ ಅಂದರೆ ಹೂವಿನ ಬದಲು ಕೋನ್ ಬಿಡುವ ಮರಗಳು. ಹಿಮಾಲಯದ ದೇವದಾರು, ಪೈನ್ ಎಲ್ಲಾ ಇದೇ ಗುಂಪು. ನಮ್ಮ ಪಶ್ಚಿಮ ಘಟ್ಟದ ಸಾಲಿನಲ್ಲಿ ತಾನಾಗಿ ಬೆಳೆಯೋ ಕೋನಿಫರ್ ಒಂದೇ ಒಂದು, ಅದರ ಹೆಸರು ನಗೇಯಾ ವಾಲಿಚಿಯಾನಾ. ಕಾರವಾರದ ಸಮುದ್ರ ತೀರದಲ್ಲಿ ಕಾಣೋ ಗಾಳಿಮರ ನೋಡೋಕೆ ಪೈನ್ ಥರ ಇದ್ದರೂ ಕೋನಿಫರ್ ಅಲ್ಲ.

1930ರ ದಶಕದಲ್ಲಿ ಡೆನ್ಮಾರ್ಕಿನ ಸಿರಾಕ್ ಲಾರ್ಸನ್ ಎಂಬ ಅರಣ್ಯ ತಜ್ಞರು ಒಂದು ಸರಳ ಮಾತು ಹೇಳಿದರು. ಕಾಡಲ್ಲಿ ಸಿಕ್ಕ ಸಿಕ್ಕ ಮರದಿಂದ ಬೀಜ ಯಾಕೆ ಆರಿಸಬೇಕು? ಒಳ್ಳೆಯ ಮರಗಳ ಕಡ್ಡಿ ತಂದು ಕಸಿ ಕಟ್ಟಿ ಒಂದೇ ಕಡೆ ನೆಟ್ಟರೆ ಅವು ತಮ್ಮತಮ್ಮಲ್ಲೇ ಪರಾಗ ಬದಲಿಸಿಕೊಂಡು ಒಳ್ಳೆ ಬೀಜ ಕೊಡ್ತವಲ್ಲ? 1940ರ ದಶಕದ ಕೊನೆಗೆ ಸ್ವೀಡನ್ನಿನಲ್ಲಿ ಈ ಕೆಲಸ ದೊಡ್ಡದಾಗಿ ಶುರುವಾಯಿತು. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1956ರಲ್ಲಿ ಬ್ರೂಸ್ ಝೋಬೆಲ್ ಅವರು ಕಂಪನಿಗಳನ್ನೂ ಸರ್ಕಾರಿ ಇಲಾಖೆಗಳನ್ನೂ ಸೇರಿಸಿ ಲಾಬ್ಲಾಲಿ ಪೈನ್ ಮರಕ್ಕೆ ಇದೇ ಕೆಲಸ ಮಾಡಿಸಿದರು. ಇವತ್ತು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೆಡುವ ಪೈನ್ ಸಸಿಗಳು ಹೆಚ್ಚುಕಡಿಮೆ ಎಲ್ಲವೂ ಇಂಥ ತೋಪಿನ ಬೀಜದವು.

ಕೆಲಸದ ಕ್ರಮ ಹೀಗೆ:

1. ಕಾಡಿನಲ್ಲಿ ಸುತ್ತಿ, ಅಕ್ಕಪಕ್ಕದ ಮರಗಳಿಗಿಂತ ಎತ್ತರ, ನೇರ, ಆರೋಗ್ಯವಾಗಿರೋ ಮರ ಗುರುತಿಸೋದು. ಇದಕ್ಕೆ ಪ್ಲಸ್ ಟ್ರೀ ಅಂತಾರೆ.

2. ಆ ಮರದ ತುದಿ ಕಡ್ಡಿ ತಂದು ಬೇರೆ ಗಿಡದ ಮೇಲೆ ಕಸಿ ಕಟ್ಟೋದು. ನಮ್ಮಲ್ಲಿ ಮಾವಿಗೆ ಮಾಡೋ ಹಾಗೇ. ಒಂದು ಪ್ಲಸ್ ಟ್ರೀಯಿಂದ ಬಂದ ಎಲ್ಲಾ ಕಸಿಗಿಡ ಸೇರಿ ಒಂದು ಕ್ಲೋನ್.

3. ಹಲವು ಕ್ಲೋನುಗಳನ್ನ ಬೆರೆಸಿ, ದೂರ ದೂರ ನೆಟ್ಟು ತೋಪು ಮಾಡೋದು.

4. ತೋಪಿನ ಬೀಜದಿಂದ ಬಂದ ಮಕ್ಕಳನ್ನ ಬೇರೆ ಬೇರೆ ಜಾಗದಲ್ಲಿ ನೆಟ್ಟು ಅಳೆಯೋದು. ಯಾವ ಕ್ಲೋನಿನ ಮಕ್ಕಳು ಸರಿಯಿಲ್ಲವೋ ಆ ಕ್ಲೋನನ್ನ ತೋಪಿನಿಂದ ಕಡಿದು ತೆಗೆಯೋದು.

ಕಸಿ ಯಾಕೆ, ಬೀಜದಿಂದಲೇ ಗಿಡ ಮಾಡಬಾರದಾ? ಬೀಜದ ಗಿಡದಲ್ಲಿ ಅಮ್ಮನ ಗುಣ ಅರ್ಧ ಮಾತ್ರ. ಕಸಿಗಿಡದಲ್ಲಿ ಪೂರ್ತಿ ಅದೇ ಮರ. ಇನ್ನೊಂದು, ವಯಸ್ಸಾದ ಮರದ ಕಡ್ಡಿಗೆ ಆ ವಯಸ್ಸು ನೆನಪಿರುತ್ತೆ, ಹಾಗಾಗಿ ಬೇಗ ಕೋನ್ ಬಿಡುತ್ತೆ. ಕಸಿ ಮಾವು ಬೇಗ ಕಾಯಿ ಬಿಡೋದೂ ಇದೇ ಕಾರಣಕ್ಕೆ.

ಎತ್ತರದ ಮರದ ಮಕ್ಕಳು ಎಷ್ಟು ಎತ್ತರ?

ಇಲ್ಲಿಂದ ಲೆಕ್ಕ. ಒಂದು ಕಾಡಿನ ಸರಾಸರಿ ಎತ್ತರ 10 ಮೀಟರ್ ಅಂದುಕೊಳ್ಳೋಣ. ನಾವು ಆರಿಸಿದ ಪ್ಲಸ್ ಟ್ರೀಗಳ ಸರಾಸರಿ 13 ಮೀಟರ್. ವ್ಯತ್ಯಾಸ 3 ಮೀಟರ್. ಮಕ್ಕಳೂ 13 ಮೀಟರ್ ಆಗ್ತಾವಾ? ಇಲ್ಲ. ಯಾಕಂದ್ರೆ ಆ 3 ಮೀಟರಿನಲ್ಲಿ ಸ್ವಲ್ಪ ಮಾತ್ರ ಮರದ ಸ್ವಂತ ಗುಣ. ಉಳಿದದ್ದು ಅದೃಷ್ಟ: ಬೇರಿನ ಹತ್ತಿರ ನೀರಿತ್ತು, ಪಕ್ಕದ ಮರ ಬಿದ್ದು ಬಿಸಿಲು ಸಿಕ್ಕಿತು, ಮಣ್ಣು ಆಳವಾಗಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಗುಣ ಸಿಗ್ನಲ್, ಅದೃಷ್ಟ ನಾಯ್ಸ್. ವ್ಯತ್ಯಾಸದಲ್ಲಿ ಮಕ್ಕಳಿಗೆ ದಾಟುವ ಪಾಲಿಗೆ ಅನುವಂಶೀಯತೆ ಅಂತ ಹೆಸರು. ಅದು 0.2 ಅಂದುಕೊಂಡರೆ,

ಲಾಭ = 0.2 × 3 = 0.6 ಮೀಟರ್.

ಅಂದರೆ ಮಕ್ಕಳ ಸರಾಸರಿ 10.6 ಮೀಟರ್. ಆರು ಪರ್ಸೆಂಟ್. ಇಷ್ಟೇನಾ ಅನ್ನಿಸಬಹುದು. ಆದರೆ ಲಕ್ಷಾಂತರ ಎಕರೆಗೆ ಇದನ್ನ ಗುಣಿಸಿ ನೋಡಿ. ಗುಂಡಿ ಅಷ್ಟೇ, ನೀರು ಅಷ್ಟೇ, ಕೂಲಿ ಅಷ್ಟೇ, ಬದಲಾಗಿದ್ದು ಬೀಜ ಮಾತ್ರ. ಲಾಬ್ಲಾಲಿ ಪೈನಿನ ಮೊದಲ ತಲೆಮಾರಿನ ತೋಪುಗಳಿಂದ ಸಿಕ್ಕ ಮರದ ಪ್ರಮಾಣದ ಲಾಭ ಸುಮಾರು ಶೇ. 7ರಿಂದ 12.

ನಾಲ್ಕನೇ ಹಂತದಲ್ಲಿ ಮಕ್ಕಳನ್ನ ಅಳೆಯೋದು ಯಾಕೆ ಅಂತಲೂ ಈಗ ಗೊತ್ತಾಗುತ್ತೆ. ಒಂದು ಮರ ನೋಡಿ ಅದರ ಗುಣ ಹೇಳೋದು ಒಂದೇ ರೀಡಿಂಗ್ ತಗೊಂಡು ಲ್ಯಾಬ್ ರೆಕಾರ್ಡ್ ಬರೆದ ಹಾಗೆ. ಅದೇ ಮರದ ನೂರು ಮಕ್ಕಳನ್ನ ನಾಲ್ಕು ಕಡೆ ನೆಟ್ಟು ಸರಾಸರಿ ತೆಗೆದರೆ ನಾಯ್ಸ್ ಕಡಿಮೆಯಾಗಿ ಸಿಗ್ನಲ್ ಉಳಿಯುತ್ತೆ.

ಗಾಳಿಗೆ ಬೇಲಿ ಇಲ್ಲ

ಮೆಕ್ಕೆಜೋಳದ ಹೊಲ ನೋಡಿದವರಿಗೆ ಪೈನ್ ಅರ್ಥ ಮಾಡಿಕೊಳ್ಳೋದು ಸುಲಭ. ಮೆಕ್ಕೆಜೋಳದ ತುದಿಯಲ್ಲಿ ಗಂಡು ಹೂ, ನಡುವೆ ತೆನೆ. ಗಾಳಿ ಬೀಸಿದಾಗ ಪುಡಿ ಹಾರಿ ತೆನೆಯ ರೇಷ್ಮೆ ಕೂದಲಿಗೆ ಅಂಟುತ್ತೆ. ಹೈಬ್ರಿಡ್ ಬೀಜ ಮಾಡುವಾಗ ಹೆಣ್ಣು ಸಾಲಿನ ಗಂಡು ಹೂ ಕಿತ್ತು ಹಾಕ್ತಾರೆ, ಸುತ್ತ ದೂರದವರೆಗೆ ಬೇರೆ ಮೆಕ್ಕೆಜೋಳ ಇರದಂತೆ ನೋಡಿಕೊಳ್ತಾರೆ. ಪೈನಿನಲ್ಲೂ ಒಂದೇ ಮರದಲ್ಲಿ ಗಂಡು ಕೋನ್, ಹೆಣ್ಣು ಕೋನ್ ಎರಡೂ ಇರ್ತವೆ, ಪರಾಗ ಗಾಳಿಯಲ್ಲೇ ಹೋಗುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ ಪೈನ್ ಪರಾಗಕ್ಕೆ ಗಾಳಿಚೀಲಗಳಿವೆ, ಅದು ಕಿಲೋಮೀಟರುಗಟ್ಟಲೆ ಹಾರುತ್ತೆ. ಸ್ವೀಡನ್, ಫಿನ್ಲೆಂಡಿನಲ್ಲಿ ತೋಪಿನ ಸುತ್ತ ಕಾಡೇ ಪೈನ್ ಕಾಡು. ಅಮ್ಮ ಯಾರು ಅಂತ ನೂರಕ್ಕೆ ನೂರು ಗೊತ್ತು, ಯಾಕಂದ್ರೆ ಕೋನ್ ಕಿತ್ತಿದ್ದು ಆ ಮರದಿಂದಲೇ. ಅಪ್ಪ ಯಾರು ಅನ್ನೋದು ಗಾಳಿಗೇ ಗೊತ್ತು.

ಬೀಜದ ಡಿಎನ್‌ಎ ಪರೀಕ್ಷೆ ಮಾಡಿದಾಗ ಅಲ್ಲಿನ ಎಷ್ಟೋ ತೋಪುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೀಜಗಳ ಅಪ್ಪ ಹೊರಗಿನವನು ಅಂತ ಕಂಡಿದೆ. ಲೆಕ್ಕ ಹಾಕೋಣ. ಲಾಭ 0.6 ಮೀಟರಿನಲ್ಲಿ ಅರ್ಧ, 0.3, ಅಮ್ಮನಿಂದ. ಇನ್ನರ್ಧ ಅಪ್ಪನಿಂದ. ಶೇ. 40 ಪರಾಗ ಹೊರಗಿನದಾದರೆ ಅಪ್ಪನ ಪಾಲು 0.3 × 0.6 = 0.18. ಒಟ್ಟು 0.48. ಅಂದರೆ ಐದರಲ್ಲಿ ಒಂದು ಪಾಲು ಲಾಭ ಗಾಳಿಯಲ್ಲಿ ಹೋಯಿತು. ಇದಕ್ಕೇ ತೋಪಿಗೆ ಜಾಗ ಆರಿಸುವಾಗ ಅದೇ ಜಾತಿಯ ಕಾಡಿನಿಂದ ದೂರ ಇರಬೇಕು ಅಂತ ನೋಡ್ತಾರೆ. ಕೆಲವು ಕಡೆ ಬೇಕಾದ ಪರಾಗವನ್ನ ತಾವೇ ಸಂಗ್ರಹಿಸಿ ಹೆಣ್ಣು ಕೋನ್ ಮೇಲೆ ಊದ್ತಾರೆ.

ಇಪ್ಪತ್ತು ಅಂದರೆ ಆರು

ಇನ್ನೊಂದು ಅಪಾಯ ತೋಪಿನ ಒಳಗೇ ಇದೆ. ಮರ ತನ್ನದೇ ಪರಾಗದಿಂದ ಕಟ್ಟಿದ ಬೀಜ ಕೋನಿಫರಿನಲ್ಲಿ ಹೆಚ್ಚಾಗಿ ಜೊಳ್ಳಾಗುತ್ತೆ, ಮೊಳೆತರೂ ಸಸಿ ಬಡಕಲು. ಒಂದೇ ಕ್ಲೋನಿನ ಎರಡು ಗಿಡ ಅಕ್ಕಪಕ್ಕ ಇದ್ದರೂ ಇದೇ ಕಥೆ, ಎರಡೂ ಒಂದೇ ಮರ ತಾನೇ. ಹಾಗಾಗಿ ನಕ್ಷೆ ಹಾಕುವಾಗ ಎರಡು ಷರತ್ತು: ಒಂದೇ ಕ್ಲೋನಿನ ಗಿಡಗಳು ಹತ್ತಿರ ಬರಬಾರದು, ಮತ್ತು ಪ್ರತಿ ಕ್ಲೋನಿಗೂ ಆದಷ್ಟು ಬೇರೆ ಬೇರೆ ನೆರೆಯವರು ಸಿಗಬೇಕು. ಚದುರಂಗದ ಹಲಗೆ ಮೇಲೆ ಒಂದಕ್ಕೊಂದು ಹೊಡೆಯದ ಹಾಗೆ ರಾಣಿಗಳನ್ನ ಇಡೋ ಪ್ರೋಗ್ರಾಂ ಬರೆದವರಿಗೆ ಇದು ಎಂಥ ಸಮಸ್ಯೆ ಅಂತ ಗೊತ್ತು. ಇದಕ್ಕೇ ಅಂತ 1978ರಷ್ಟು ಹಿಂದೆಯೇ ಕಂಪ್ಯೂಟರ್ ಪ್ರೋಗ್ರಾಂ ಬಂದಿತ್ತು, ಹೆಸರು ಕೂಲ್.

ನಕ್ಷೆ ಸರಿ ಇದ್ದರೂ ಎಲ್ಲಾ ಕ್ಲೋನ್ ಸಮವಾಗಿ ಪರಾಗ ಕೊಡಲ್ಲ. 20 ಕ್ಲೋನ್ ಇರೋ ತೋಪಿನಲ್ಲಿ 4 ಕ್ಲೋನುಗಳೇ ಶೇ. 80 ಪರಾಗ ಕೊಡ್ತಿವೆ ಅಂದುಕೊಳ್ಳಿ. ಆಗ ನಿಜಕ್ಕೂ ಎಷ್ಟು ಅಪ್ಪಂದಿರು? ಸೂತ್ರ ಸುಲಭ: ಪ್ರತಿಯೊಬ್ಬರ ಪಾಲಿನ ವರ್ಗ ಮಾಡಿ ಕೂಡಿಸಿ, 1ನ್ನು ಅದರಿಂದ ಭಾಗಿಸಿ.

ನಾಲ್ವರ ಪಾಲು ತಲಾ 0.2, ವರ್ಗ 0.04, ನಾಲ್ಕು ಸೇರಿ 0.16.

ಉಳಿದ 16 ಕ್ಲೋನಿನ ಪಾಲು ತಲಾ 0.0125, ವರ್ಗಗಳ ಮೊತ್ತ 0.0025.

1 ÷ 0.1625 = ಸುಮಾರು 6.

ಬೋರ್ಡಿನ ಮೇಲೆ 20 ಕ್ಲೋನ್, ಕೆಲಸಕ್ಕೆ ಬರೋದು 6. ಈ ಬೀಜದಿಂದ ಬೆಳೆಸಿದ ಕಾಡಿನಲ್ಲಿ ಅಣ್ಣತಮ್ಮಂದಿರೇ ಜಾಸ್ತಿ. ಹೊಸ ರೋಗವೋ, ಸತತ ಮೂರು ವರ್ಷದ ಬರವೋ ಬಂದರೆ ಎಲ್ಲಾ ಒಟ್ಟಿಗೇ ಸೋಲುವ ಸಾಧ್ಯತೆ ಹೆಚ್ಚು.

ಕಾಯುವ ಕೆಲಸ

ಪೈನಿನಲ್ಲಿ ಕೋನಿನ ಮೊಗ್ಗು ಒಂದು ಬೇಸಿಗೆಯಲ್ಲಿ ಹುಟ್ಟುತ್ತೆ. ಮುಂದಿನ ವರ್ಷ ಅದಕ್ಕೆ ಪರಾಗ ಬೀಳುತ್ತೆ. ಅದಾಗಿ ಸುಮಾರು ಒಂದು ವರ್ಷಕ್ಕೆ ಗರ್ಭ ಕಟ್ಟಿ, ಆ ವರ್ಷದ ಕೊನೆಗೆ ಬೀಜ ಬಲಿಯುತ್ತೆ. ಮೊಗ್ಗಿನಿಂದ ಬೀಜಕ್ಕೆ ಎರಡು ವರ್ಷಕ್ಕೂ ಮೇಲೆ. ನಾರ್ವೆ ಸ್ಪ್ರೂಸಿನಲ್ಲಿ ಒಂದು ಒಳ್ಳೆ ಫಸಲು ಬಂದರೆ ಮತ್ತೆ ಹಲವು ವರ್ಷ ಏನೂ ಇಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಉತ್ತರದ ಚಳಿ ಸೀಮೆಗೆ ಬೇಕಾದ ಮರಗಳ ಕಡ್ಡಿಯನ್ನ ದಕ್ಷಿಣದ ಬೆಚ್ಚಗಿನ ಜಾಗಕ್ಕೆ ತಂದು ತೋಪು ಮಾಡಿದರು. ಫಿನ್ಲೆಂಡಿನ ಉತ್ತರದ ಪೈನ್ ಮರಗಳ ತೋಪು ಅದೇ ದೇಶದ ದಕ್ಷಿಣದಲ್ಲಿದೆ. ಬೆಚ್ಚಗಿದ್ದರೆ ಕೋನ್ ಹೆಚ್ಚು, ಬೀಜ ಪೂರ್ತಿ ಬಲಿಯುತ್ತೆ. ಆದರೆ ಅಲ್ಲಿ ಸುತ್ತ ಇರೋ ದಕ್ಷಿಣದ ಪೈನ್ ಪರಾಗವೂ ಬಂದು ಸೇರುತ್ತೆ, ಆ ಮಿಶ್ರ ಸಸಿ ಉತ್ತರದ ಚಳಿ ತಡೆಯಲ್ಲ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತೆ.

ಬಲಿತ ಕೋನುಗಳನ್ನ ಬಾಯಿ ಬಿಡೋ ಮುಂಚೆ ಕಿತ್ತು, ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ ಬೀಜ ಉದುರಿಸ್ತಾರೆ. ರೆಕ್ಕೆ ಉಜ್ಜಿ ತೆಗೆದು, ಜೊಳ್ಳು ತೂರಿ, ತೇವ ಕಡಿಮೆ ಮಾಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಇಡ್ತಾರೆ. ಹೀಗಿಟ್ಟರೆ ಪೈನ್, ಸ್ಪ್ರೂಸ್ ಬೀಜ ವರ್ಷಗಟ್ಟಲೆ ಕೆಡಲ್ಲ. ಫಸಲಿಲ್ಲದ ವರ್ಷಗಳನ್ನ ದಾಟೋದು ಇದರಿಂದಲೇ.

ನಮ್ಮ ತೇಗದ ಕಥೆ

ನಮ್ಮ ರಾಜ್ಯದಲ್ಲಿ ಈ ವಿದ್ಯೆ ಹೆಚ್ಚಾಗಿ ಬಂದಿದ್ದು ತೇಗಕ್ಕೆ, ಅಂದರೆ ಸಾಗುವಾನಿಗೆ. ಭಾರತದಲ್ಲಿ 1960ರ ದಶಕದಿಂದ ತೇಗದ ಪ್ಲಸ್ ಟ್ರೀ ಆರಿಸಿ ಕ್ಲೋನ್ ತೋಪು ಮಾಡೋ ಕೆಲಸ ನಡೆದಿದೆ. ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಅಂಥ ತೋಪು ಇದೆ. ಆದರೆ ತೇಗ ಪೈನ್ ಅಲ್ಲ. ಅದಕ್ಕೆ ಗಾಳಿ ಸಾಲದು, ಜೇನು ಮತ್ತು ಬೇರೆ ಕೀಟ ಬೇಕು. ಅದು ಹೂ ಬಿಡೋದು ಮಳೆಗಾಲದಲ್ಲಿ. ಒಂದು ಹೂ ಅರಳಿರೋದು ಒಂದೇ ದಿನ. ಒಂದು ಗೊಂಚಲಲ್ಲಿ ಸಾವಿರಾರು ಹೂ ಇದ್ದರೂ ಕಾಯಾಗೋದು ನೂರಕ್ಕೆ ಕೆಲವೇ. ಆ ಕಾಯೊಳಗೆ ಕಲ್ಲಿನಂಥ ಗೊರಟ, ಅದರಲ್ಲಿ ನಾಲ್ಕು ಕೋಣೆ, ಎಷ್ಟೋ ಕೋಣೆ ಖಾಲಿ. ಮೊಳಕೆ ಬರಲಿ ಅಂತ ಹಗಲು ಬಿಸಿಲಿಗೆ ಒಣಗಿಸಿ ರಾತ್ರಿ ನೀರಲ್ಲಿ ನೆನೆಸಿ, ದಿನಗಟ್ಟಲೆ ಹೀಗೆ ಮಾಡ್ತಾರೆ.

ಇದೆಲ್ಲದರ ಮೇಲೆ ಟೈಮಿಂಗ್ ಸಮಸ್ಯೆ. ಬೇರೆ ಬೇರೆ ಕಾಡಿನಿಂದ ತಂದ ಕ್ಲೋನುಗಳು ಒಂದೇ ತೋಪಿನಲ್ಲಿ ನಿಂತರೂ ತಮ್ಮ ತಮ್ಮ ಕ್ಯಾಲೆಂಡರ್ ಬಿಡಲ್ಲ. ಒಂದು ಕ್ಲೋನ್ 1ನೇ ದಿನದಿಂದ 40ನೇ ದಿನದವರೆಗೆ, ಇನ್ನೊಂದು 31ರಿಂದ 70ರವರೆಗೆ ಹೂ ಬಿಟ್ಟರೆ ಇಬ್ಬರೂ ಒಟ್ಟಿಗೆ ಸಿಗೋದು ಹತ್ತೇ ದಿನ, ಎಪ್ಪತ್ತರಲ್ಲಿ ಹತ್ತು, 0.14. ತೋಪು ಒಂದೇ, ಆದರೆ ಭೇಟಿಯೇ ಇಲ್ಲ. ಮಂಚೀಕೇರಿಯ ತೋಪಿನಲ್ಲಿ ಶಿರಸಿಯ ಅರಣ್ಯ ಕಾಲೇಜಿನವರು ಕ್ಲೋನುಗಳ ಹೂ ಬಿಡುವ ಸಮಯ ಎಷ್ಟು ಹೊಂದುತ್ತೆ ಅಂತ ಅಳೆಯೋಕೆ ಒಂದು ಸೂಚ್ಯಂಕವನ್ನೇ ರೂಪಿಸಿದ್ದಾರೆ. ಯಾವ ಕ್ಲೋನ್ ಯಾರ ಜೊತೆ ನೆಡಬೇಕು ಅಂತ ಮುಂದಿನ ತೋಪಿಗೆ ಅದು ದಾರಿ ತೋರಿಸುತ್ತೆ.

ತೇಗದ ತೋಪುಗಳಿಂದ ಬರೋ ಬೀಜ ಕಡಿಮೆ ಆದ್ದರಿಂದ ಅರಣ್ಯ ಇಲಾಖೆಯವರು ಬೀಜೋತ್ಪಾದನಾ ಪ್ರದೇಶ ಅನ್ನೋ ನಡುದಾರಿಯನ್ನೂ ಬಳಸ್ತಾರೆ. ಚೆನ್ನಾಗಿ ಬೆಳೆದ ಒಂದು ನೆಡುತೋಪು ಆರಿಸಿ, ಅದರಲ್ಲಿನ ಸೊಟ್ಟ, ರೋಗದ ಮರಗಳನ್ನ ತೆಗೆದು, ಉಳಿದವುಗಳಿಂದ ಬೀಜ ಆರಿಸೋದು. ಕಸಿ ಬೇಡ, ಕಾಯೋದೂ ಕಡಿಮೆ. ಲಾಭವೂ ಅಷ್ಟೇ ಕಡಿಮೆ, ಆದರೆ ಸಿಕ್ಕ ಮರದಿಂದ ಬಾಚೋದಕ್ಕಿಂತ ಮೇಲು.

ನೀಲಗುಂದದ ಬೇವಿಗೆ ಇದರಿಂದ ಏನು?

ಬಯಲುಸೀಮೆಯ ಬೇವು, ಹೊಂಗೆ, ಹುಣಸೆ, ಕಮರ ಮರಗಳಿಗೆ ಊರೂರಲ್ಲಿ ಕ್ಲೋನ್ ತೋಪು ಮಾಡೋದು ನಮ್ಮ ಕೈಲಾಗಲ್ಲ. ಆದರೆ ತಪ್ಪು ಎಲ್ಲಾಗುತ್ತೆ ಅಂತ ತೋಪಿನ ಲೆಕ್ಕ ತೋರಿಸಿಕೊಟ್ಟಿದೆ. ಬೀಜ ಆರಿಸುವವರು ಸಹಜವಾಗಿ ಕೈಗೆಟಕುವ ಮರಕ್ಕೇ ಹೋಗ್ತಾರೆ: ಗಿಡ್ಡ, ಕೊಂಬೆ ಜಾಸ್ತಿ, ರಸ್ತೆ ಪಕ್ಕದ್ದು. ನೆಟ್ಟಗೆ ಬೆಳೆದ ಮರಗಳು ತೊಲೆ, ಬಾಗಿಲಿಗೆ ಅಂತ ಮೊದಲೇ ಕಡಿದು ಹೋಗಿರ್ತವೆ, ಉಳಿದ ಸೊಟ್ಟ ಮರವೇ ಊರಿಗೆಲ್ಲಾ ಬೀಜ ಕೊಡುತ್ತೆ. ಇದು ಪ್ಲಸ್ ಟ್ರೀ ಆರಿಸೋದರ ಪೂರ್ತಿ ಉಲ್ಟಾ. ಗೊತ್ತಿಲ್ಲದೆ ನಾವು ಮೈನಸ್ ಟ್ರೀ ಆರಿಸ್ತಾ ಇದ್ದೀವಿ.

ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಕಡೆಯಿಂದ ಬೀಜದುಂಡೆ ಮಾಡ್ತೀವಲ್ಲ, ಅಲ್ಲಿಂದಲೇ ಇವನ್ನ ಶುರು ಮಾಡಬಹುದು:

ಒಂದೇ ಮರದಿಂದ ಬಾಚಬೇಡಿ. ಸಾಧ್ಯವಾದರೆ ಇಪ್ಪತ್ತೈದು ಮೂವತ್ತು ಮರ, ಒಂದರಿಂದೊಂದು ನೂರು ಮೀಟರ್ ದೂರ ಇರಲಿ. ಹತ್ತಿರದ ಮರಗಳು ಹೆಚ್ಚಾಗಿ ಸಂಬಂಧಿಕರು.

ಒಂಟಿಯಾಗಿ ನಿಂತ ಮರ ಬೇಡ. ಸುತ್ತ ಅದೇ ಜಾತಿ ಇಲ್ಲದಿದ್ದರೆ ಅದು ತನ್ನ ಪರಾಗವನ್ನೇ ತಗೊಂಡಿರುವ ಸಾಧ್ಯತೆ ಹೆಚ್ಚು.

ಪ್ರತಿ ಮರದಿಂದ ಸಮ ತೂಕ ತಗೊಳ್ಳಿ.

ನೆಡೋ ಜಾಗದಂಥದ್ದೇ ಮಳೆ, ಮಣ್ಣು ಇರೋ ಕಡೆಯ ಮರ ಆರಿಸಿ. ಮಲೆನಾಡಿನ ಬೀಜ ಬಯಲುಸೀಮೆಗೆ ತರಬೇಡಿ.

ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳ್ಕೊಳ್ಳುತ್ತೆ. ಜೂನ್, ಜುಲೈನಲ್ಲಿ ಆರಿಸಿದ್ದನ್ನ ಕೂಡಲೇ ಬಿತ್ತಿ, ಮುಂದಿನ ವರ್ಷಕ್ಕೆ ಇಡಬೇಡಿ. ಕಮರ ಪ್ರತಿ ವರ್ಷ ಚೆನ್ನಾಗಿ ಬೀಜ ಕಟ್ಟಲ್ಲ, ಕಟ್ಟಿದ ವರ್ಷ ಬಿಡಬೇಡಿ.

ಕೊನೆಯದಾಗಿ, ಚೀಟಿ. ಜಾತಿ, ಊರು, ತಾರೀಖು, ಎಷ್ಟು ಮರದಿಂದ. ನಾಲ್ಕೇ ಸಾಲು. ಯುರೋಪಿನಲ್ಲಿ ಕಾಡುಮರದ ಬೀಜ ಮಾರಬೇಕಾದರೆ 1999ರ ನಿಯಮದ ಪ್ರಕಾರ ಅದರ ಮೂಲ ಮತ್ತು ದರ್ಜೆ ಹೇಳಲೇಬೇಕು. ನಮ್ಮಲ್ಲಿ ಮೆಕ್ಕೆಜೋಳಕ್ಕಿರೋ ಚೀಟಿಯನ್ನ ಬೇವಿಗೂ ಅಂಟಿಸೋಕೆ ಕಾನೂನು ಬರೋವರೆಗೆ ಕಾಯಬೇಕಾಗಿಲ್ಲ, ಒಂದು ಸ್ಕೆಚ್ ಪೆನ್ ಸಾಕು.

ಮುಗಿಸೋ ಮುಂಚೆ ಒಂದು ಲೆಕ್ಕ

ಒಂದು ತಂಡ 9 ಮರಗಳಿಂದ 10 ಕೆಜಿ ಬೇವಿನ ಬೀಜ ತಂದಿದೆ. 6 ಕೆಜಿ ಹಾಸ್ಟೆಲ್ ಹಿಂದಿನ ಒಂದೇ ಮರದ್ದು. ಉಳಿದ 8 ಮರಗಳಿಂದ ತಲಾ ಅರ್ಧ ಕೆಜಿ. ನಿಜಕ್ಕೂ ಎಷ್ಟು ಅಮ್ಮಂದಿರು?

0.6ರ ವರ್ಗ 0.36. 0.05ರ ವರ್ಗ 0.0025, ಎಂಟು ಸಲ ಕೂಡಿಸಿದರೆ 0.02. ಮೊತ್ತ 0.38. 1 ÷ 0.38 = 2.6.

ಒಂಬತ್ತು ಮರ ಸುತ್ತಿದ ಶ್ರಮಕ್ಕೆ ಸಿಕ್ಕಿದ್ದು ಎರಡೂವರೆ ಮರದ ಬೀಜ. ಅದೇ ಒಂಬತ್ತು ಮರಗಳಿಂದ ಸಮ ತೂಕ ತಂದಿದ್ದರೆ ಉತ್ತರ 9. ಹೊಸ ಮರ ಒಂದೂ ಹುಡುಕಬೇಕಾಗಿರಲಿಲ್ಲ, ತಕ್ಕಡಿ ಒಂದು ಜೊತೆಗಿದ್ದರೆ ಆಗುತ್ತಿತ್ತು.